ಸತ್ತ ಎಮ್ಮೆಯ ಕಿವಿ

ಗ್ಲೆ ಪುತೋ
೧೫ ಮಾರ್ಚ್ ೨೦೨೨

ಮೈಸಾರಾ,

ಅಸ್ಸಲಾಮು ಅಲೈಕುಮ್. ನಿನ್ನೆ ಬಂಡಾ ಅಚೆಯ ನೋಟರಿ ಕಚೇರಿಯಲ್ಲಿ ಅಷ್ಟು ಜನರೆದುರು ನಿನ್ನನ್ನು ಬೈಯಬಾರದೆಂದು ಹಲ್ಲು ಕಚ್ಚಿ ಕೂತಿದ್ದೆ. ಈಗ ಮನೆಗೆ ಬಂದಿದ್ದೇನೆ, ಬೈಯುತ್ತೇನೆ. ಫೋನಿನಲ್ಲಿ ಬೈಯಬಹುದಿತ್ತು. ಆದರೆ ನಮ್ಮ ಗುಡ್ಡದ ಹಿಂದೆ ಸಿಗ್ನಲ್ ಸಿಗುವುದು ಮಸೀದಿಯ ಮೆಟ್ಟಿಲ ಮೇಲೆ ಮಾತ್ರ, ಅಲ್ಲಿ ನಿಂತು ಬೈದರೆ ಇಮಾಮರಿಗೂ ಕೇಳಿಸುತ್ತದೆ. ಅಲ್ಲದೆ ಫೋನಿನಲ್ಲಿ ನೀನು "ಹೂಂ ಮಕ್ವಾ, ಹೂಂ ಮಕ್ವಾ" ಎಂದು ಜಾರಿಕೊಳ್ಳುತ್ತೀಯ. ದೊಡ್ಡಮ್ಮನ ಕಾಗದವಾದರೆ ಓದಲೇಬೇಕು. ಮುಸ್ಲೆಂ ಹೇಗೂ ದಿನಾ ವ್ಯಾನು ಓಡಿಸುತ್ತಾನೆ, ಎಣ್ಣೆ ಕ್ಯಾನುಗಳ ಜೊತೆ ನನ್ನ ಬೈಗುಳವನ್ನೂ ಹೊತ್ತು ತರಲಿ.

ನಾವು ಏಳು ಜನ ಹೆಂಗಸರು ಮದುವೆಯಲ್ಲಿ ಬಂದ ಚಿನ್ನ ಮಾರಿ ನಿನ್ನ ಕಂಪನಿಗೆ ಹಾಕಿದ್ದೇವೆ. ಒಟ್ಟು ನಲವತ್ತು ಮಯಂ ತೂಕದ ಚಿನ್ನ. ಅದರಲ್ಲಿ ನನ್ನದು ಹದಿನಾಲ್ಕು, ಸಲ್ಬಿಯಾಳದು ಆರು. ಒಂದು ಮಯಂಗೆ ಒಂದು ಪೆಟ್ಟಿಗೆ ಎಂದು ನೀನೇ ಹೇಳಿದ್ದೆ. ಪೆಟ್ಟಿಗೆಯೊಳಗೆ ಒಂದು ಹನಿ ಪಚ್ಚೆತೆನೆ ಎಣ್ಣೆ ಬಿಟ್ಟರೆ ಬೆಳಕು ಹಾಯಿಸಿ ಅದರ ಕಸುವು ಎಷ್ಟೆಂದು ಅಂಕಿ ತೋರಿಸುತ್ತದೆ. ಬೆರಳಿಗೆ ಹಚ್ಚಿ ಮೂಸಿ, ಮೂಗು ಮುರಿದು ಬೆಲೆ ಇಳಿಸುವ ದಲ್ಲಾಳಿಯ ಆಟ ಅಲ್ಲಿಗೆ ಮುಗಿಯುತ್ತದೆ. ದುಡ್ಡು ನಮ್ಮದು, ದುಡಿಮೆ ನಿನ್ನದು. ಲಾಭ ಬಂದರೆ ನೂರಕ್ಕೆ ಅರವತ್ತು ನಿನಗೆ, ನಲವತ್ತು ನಮಗೆ. ಇಷ್ಟಕ್ಕೆ ಒಪ್ಪಿಯೇ ನಾವು ವ್ಯಾನು ಹತ್ತಿದ್ದು.

ನೋಟರಿಯವರು ಪತ್ರವನ್ನು ಎಲ್ಲರೆದುರು ಗಟ್ಟಿಯಾಗಿ ಓದಲೇಬೇಕಂತೆ, ಕಾನೂನು. ಓದಿದರು, ಮಗ್ಗಿ ಒಪ್ಪಿಸಿದ ಹಾಗೆ. ಸಲ್ಬಿಯಾ ತೂಕಡಿಸಿದಳು. ಒಂಬತ್ತನೇ ಕಲಮು ಬಂದಾಗ ನನ್ನ ಕಿವಿ ನೆಟ್ಟಗಾಯಿತು. "ವ್ಯವಹಾರದಲ್ಲಿ ಆಗುವ ಸಕಲ ನಷ್ಟವನ್ನೂ ನಿರ್ವಾಹಕಿಯೇ ಭರಿಸತಕ್ಕದ್ದು."

"ನಿಲ್ಸಿ ಪಾಕ್ ನೋಟರಿ. ಅದನ್ನ ಇನ್ನೊಂದ್ಸಲ ಓದಿ."

"ಇದು ನಿಮಗೇ ಅನುಕೂಲ, ಬು ರುಹಾಮಾ. ಲಾಭ ಎಲ್ಲಾ ಒಬ್ರಿಗೇ ಅಂತ ಬರೆದ್ರೆ ನಮ್ಮ ಸಿವಿಲ್ ಕಾನೂನು ಒಪ್ಪಲ್ಲ. ಆದ್ರೆ ನಷ್ಟ ಎಲ್ಲಾ ಒಬ್ರ ಮೇಲೇ ಹಾಕ್ಬೋದು. ಅದಕ್ಕೆ ಅವಕಾಶ ಇದೆ."

"ಹಾಕ್ಸಿದ್ದು ಯಾರು?"

ಅವರು ನಿನ್ನ ಮುಖ ನೋಡಿದರು. ನೀನು ಫ್ಯಾನು ನೋಡಿದೆ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋ ಕಾನೂನೇನ್ರೀ ಇದು," ಎಂದು ಎಚ್ಚರವಾದ ಸಲ್ಬಿಯಾ ಕೇಳಿದಳು.

ನಾನು ಹೇಳಿದೆ, "ಪಾಕ್, ನಾನು ಇವಳಿಗೆ ಎಮ್ಮೆ ಪಾಲಿಗೆ ಕೊಟ್ಟಿದೀನಿ ಅಂದ್ಕೊಳ್ಳಿ. ಹಾವು ಕಚ್ಚಿ ಎಮ್ಮೆ ಸತ್ರೆ ಇವಳೆಲ್ಲಿಂದ ತಂದು ಕೊಡ್ಬೇಕು? ನನ್ನ ಎಮ್ಮೆ ಹೋಯ್ತು, ಇವಳು ಮೇಯ್ಸಿದ ವರ್ಷ ಹೋಯ್ತು. ಅಲ್ಲಿಗೆ ಸಮ. ಕರು ಹಂಚ್ಕೊಳ್ಳೋರು ಸಾವನ್ನೂ ಹಂಚ್ಕೋಬೇಕು."

"ನೀವು ಏನು ಬರೆಸ್ತೀರೋ ಅದೇ ನಿಮ್ಮಿಬ್ಬರಿಗೂ ಕಾನೂನು, ಬು," ಅಂದರು.

"ಹಾಗಿದ್ರೆ ಸರಿಯಾಗಿ ಬರೀರಿ."

ಅವರು ಆ ಸಾಲನ್ನು ಹೊಡೆದುಹಾಕಿ ಅಂಚಿನಲ್ಲಿ ಹೊಸದು ಬರೆದರು. ಅಷ್ಟು ಸಣ್ಣ ಅಂಚಿನಲ್ಲಿ ನಿನ್ನದೂ ಸೇರಿ ಎಂಟು ಜನರ ಸಹಿ, ಸಲ್ಬಿಯಾಳ ಹೆಬ್ಬೆಟ್ಟು ಅವರ ಮೊಹರಿನ ಮೇಲೇ ಬಿತ್ತು. ಬರೆದದ್ದು ನಿನಗೆ ನೆನಪಿರಲಿ: "ನಿರ್ಲಕ್ಷ್ಯವಿಲ್ಲದೆ ಆದ ನಷ್ಟ ಬಂಡವಾಳ ಹಾಕಿದವರದು. ನಿರ್ಲಕ್ಷ್ಯದಿಂದ ಆದ ನಷ್ಟ ನಿರ್ವಾಹಕಿಯದು."

ಮಗಳೇ, ಲಾಭ ಬಂದರೆ ಪಾಲು, ಬರದಿದ್ದರೆ ಅಸಲು ವಾಪಸು ಎಂಬುದು ಬಡ್ಡಿಯ ತಮ್ಮ. ಈ ವಯಸ್ಸಿನಲ್ಲಿ ನನ್ನನ್ನು ಲೇವಾದೇವಿ ಹೆಂಗಸನ್ನಾಗಿ ಮಾಡಲು ಹೊರಟಿದ್ದೆಯಲ್ಲ, ಅದಕ್ಕೆ ನನಗೆ ಸಿಟ್ಟು. ಊಟ ಮಾಡು. ಸೊರಗಿದ್ದೀಯ.

ನಿನ್ನ ಮಕ್ವಾ,
ರುಹಾಮಾ

*

ಬಂಡಾ ಅಚೆ
೩೦ ಮಾರ್ಚ್ ೨೦೨೨

ಪ್ರೀತಿಯ ಮಕ್ವಾ,

ವ ಅಲೈಕುಮ್ ಸಲಾಮ್. ಬೈಗುಳ ತಲುಪಿತು. ಬಾಂಗ್ ಮುಸ್ಲೆಂ ಕೊಡುವಾಗಲೇ "ಬಿಸಿ ಇದೆ, ಬಟ್ಟೆ ಹಿಡ್ಕೊಂಡು ತಗೋ" ಅಂದರು.

ಹೌದು, ಆ ಕಲಮು ನಾನೇ ಹೇಳಿ ಬರೆಸಿದ್ದು. ಸುಳ್ಳು ಹೇಳುವುದಿಲ್ಲ. ಕಡಲುಕ್ಕಿ ಊರಿಗೆ ನೀರು ಬಂದ ವರ್ಷ ನನಗೆ ಎಂಟು. ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ನಿಮ್ಮ ಡೇರೆಯ ಮುಂದೆ ಬಂದು ನಿಂತೆ. ನಿಮ್ಮ ತಂಗಿಯ ಮಗಳು ಎಂಬುದೊಂದೇ ನನ್ನ ಕೈಯಲ್ಲಿದ್ದ ಹಕ್ಕು. ಉಣಿಸಿದಿರಿ, ಓದಿಸಿದಿರಿ, ರಸಾಯನಶಾಸ್ತ್ರ ಅಂದರೇನೆಂದು ಗೊತ್ತಿಲ್ಲದೆ ಅದಕ್ಕೆ ಫೀಜು ಕಟ್ಟಿದಿರಿ. ಈಗ ನಿಮ್ಮ ಮದುವೆಯ ಚಿನ್ನವನ್ನೂ ಮುಳುಗಿಸಿದರೆ ನಾನು ಯಾವ ಮುಖ ಇಟ್ಟುಕೊಂಡು ಊರಿಗೆ ಬರಲಿ?

ನೀವು ಅಂಚಿನಲ್ಲಿ ಏನು ಬೇಕಾದರೂ ಬರೆಸಿಕೊಳ್ಳಿ. ನನ್ನ ಮನಸ್ಸಿನಲ್ಲಿ ಒಂಬತ್ತನೇ ಕಲಮು ಇದ್ದ ಹಾಗೇ ಇದೆ.

ಉಪವಾಸದ ತಿಂಗಳು ಬರುತ್ತಿದೆ. ಉಪವಾಸದ ಹಿಂದಿನ ದಿನದ ಮಾಂಸದ ಹಬ್ಬಕ್ಕೆ ಬರಲಾಗುವುದಿಲ್ಲ, ಪೆಟ್ಟಿಗೆಯ ಕೆಲಸ ಕೈ ಹಿಡಿದಿದೆ. ನನ್ನ ಪಾಲಿನ ಮಾಂಸ ಮಕ್ಚುತ್ ಸಲ್ಬಿಯಾ ತಿನ್ನಲಿ. ಆಮೇಲೆ ಹೊಟ್ಟೆನೋವು ಎಂದು ನನ್ನನ್ನು ಬೈಯಬಾರದು ಎಂದು ಹೇಳಿ.

ನಿಮ್ಮ ಮಗಳು,
ಮೈಸಾರಾ

*

ಬಂಡಾ ಅಚೆ
೧೮ ಸೆಪ್ಟೆಂಬರ್ ೨೦೨೨

ಪ್ರೀತಿಯ ಮಕ್ವಾ,

ಇಪ್ಪತ್ತೊಂಬತ್ತು ಪೆಟ್ಟಿಗೆ ಗಾಯೋ ಬೆಟ್ಟ ಹತ್ತಿಯಾಯಿತು, ಹಳ್ಳಿಗೊಂದರಂತೆ. ಅಲ್ಲಿ ನಮ್ಮೂರಿಗಿಂತ ಹತ್ತು ಪಟ್ಟು ಎಣ್ಣೆ ಬರುತ್ತದೆ, ದಲ್ಲಾಳಿಗಳೂ ಹತ್ತು ಪಟ್ಟು ಖದೀಮರು. ಪೆಟ್ಟಿಗೆಗೆ ಬೆಲೆ ಇಟ್ಟಿಲ್ಲ. ಅಂಕಿ ನೋಡಿ ಮಾರಿದ ಮೇಲೆ ಮೊದಲಿಗಿಂತ ಹೆಚ್ಚು ಸಿಕ್ಕರೆ ಅದರಲ್ಲಿ ನಮಗೊಂದು ಪಾಲು, ಸಿಗದಿದ್ದರೆ ಏನೂ ಇಲ್ಲ. ನಿಮ್ಮ ಎಮ್ಮೆಯ ಕಥೆಯನ್ನೇ ಅವರಿಗೂ ಹೇಳಿದೆ, ಒಂದೇ ಸಲಕ್ಕೆ ಅರ್ಥವಾಯಿತು.

ನಿಮ್ಮ ಹಂಡೆಯ ಎಣ್ಣೆಯಲ್ಲೇ ಪೆಟ್ಟಿಗೆಗೆ ಪಾಠ ಹೇಳಿಕೊಟ್ಟಿದ್ದೇನೆ. ನೂರು ಸಲ ಹನಿ ಬಿಟ್ಟು ನೋಡಿದೆ, ನೂರು ಸಲವೂ ವಿಶ್ವವಿದ್ಯಾಲಯದ ಲ್ಯಾಬಿನ ಅಂಕಿಯೇ ಬಂತು. ಮನೆಯ ಎಣ್ಣೆಯ ವಾಸನೆ ಬಂದಾಗಲೆಲ್ಲ ಊರಿಗೆ ಬಂದ ಹಾಗಾಗುತ್ತಿತ್ತು.

ಇನ್ನು ಹನ್ನೊಂದು ಪೆಟ್ಟಿಗೆ ಬಾಕಿ. ಅವುಗಳ ದುಡ್ಡು ಇನ್ನೂ ಬ್ಯಾಂಕಿನಲ್ಲಿದೆ. ಮುಂದಿನ ಶನಿವಾರ ಜಕಾರ್ತಾದಿಂದ ಹೊಸ ಕಂಪನಿಗಳಿಗೆ ಹಣ ಹಾಕುವವರು ಬರುತ್ತಾರೆ. ನಲವತ್ತು ಎಂದು ಹೇಳಿಬಿಟ್ಟಿದ್ದೇನೆ, ನಲವತ್ತನ್ನೇ ತೋರಿಸಬೇಕು. ನಾಳೆಯಿಂದ ಉಳಿದ ಹನ್ನೊಂದರ ಕೆಲಸ ಶುರು.

ಒಂದು ತಮಾಷೆ ಕೇಳಿ. ನಿನ್ನೆ ಇಲ್ಲಿಯ ಸರಕು ಮೇಳದಲ್ಲಿ ನಮ್ಮ ಮೇಜಿನ ಹತ್ತಿರ ಬೆಟ್ಟದ ಮುದುಕರೊಬ್ಬರು ಬಂದರು, ಅಮನ್ ಸುಕುರ್ ಅಂತ. ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಮಗಾ, ನಮ್ಮೆಣ್ಣೆ ಕಬ್ಬಿಣದ ಡ್ರಮ್ಮಲ್ಲಿ ಬೆಂದದ್ದು, ಇದ್ದಿಲ ಹಾಗೆ ಕಪ್ಪು. ನಿನ್ನ ಪೆಟ್ಟಿಗೆಗೆ ಕತ್ತಲಲ್ಲಿ ಕಣ್ಣು ಕಾಣ್ತದಾ?" ಅಂದರು. ನಾವೆಲ್ಲ ನಕ್ಕೆವು, ಅವರೂ ನಕ್ಕರು.

ದುಆ ಮಾಡಿ ಮಕ್ವಾ. ಈ ಸಲ ನಿಮಗೆ ಪಾಲು ತಂದುಕೊಡುತ್ತೇನೆ.

ಮೈಸಾರಾ

*

ಗ್ಲೆ ಪುತೋ
೬ ಫೆಬ್ರವರಿ ೨೦೨೩

ಮೈಸಾರಾ,

ನಾಲ್ಕು ತಿಂಗಳಾಯಿತು, ಒಂದು ಸಾಲು ಇಲ್ಲ. ಮಸೀದಿಯ ಮೆಟ್ಟಿಲ ಮೇಲೆ ನಿಂತು ಹನ್ನೆರಡು ಸಲ ಫೋನು ಮಾಡಿದೆ. ಇಮಾಮರೇ "ಇವತ್ತಾದ್ರೂ ಎತ್ತಿದ್ಲಾ?" ಎಂದು ಕೇಳುವ ಹಾಗಾಗಿದೆ.

ನೀನು ಹೇಳದಿದ್ದರೆ ಸುದ್ದಿ ಬರುವುದಿಲ್ಲವೇ? ಮುಸ್ಲೆಂ ಹೇಳಿದ. ಬೆಟ್ಟದವರ ಎಣ್ಣೆಗೆ ಪೆಟ್ಟಿಗೆ ದೊಡ್ಡ ಅಂಕಿ ತೋರಿಸಿತಂತೆ. ಅದನ್ನು ನಂಬಿ ಅವರು ದಲ್ಲಾಳಿಗಳನ್ನು ಬಾಗಿಲಿನಿಂದಲೇ ಕಳಿಸಿದರಂತೆ. ಮೆದಾನಿನ ವ್ಯಾಪಾರಿ ಲ್ಯಾಬಿನಲ್ಲಿ ನೋಡಿದರೆ ಅಂಕಿ ಅರ್ಧಕ್ಕರ್ಧ, ಡ್ರಮ್ಮುಗಳೆಲ್ಲ ವಾಪಸು. ಕೊನೆಗೆ ಅದೇ ದಲ್ಲಾಳಿಗಳ ಕಾಲು ಹಿಡಿದು ಮೊದಲಿಗಿಂತ ಕಡಿಮೆಗೆ ಮಾರಬೇಕಾಯಿತಂತೆ. ಪೆಟ್ಟಿಗೆಗಳನ್ನು ಕೋಳಿ ಗೂಡಿಗೆ ಆಸರೆ ಕೊಟ್ಟಿದ್ದಾರೆ ಎಂದ. ಜಕಾರ್ತಾದವರೂ ಕೈಕೊಡವಿ ಹೋದರಂತೆ.

ಇಲ್ಲಿಯ ದಲ್ಲಾಳಿ ನನ್ನ ಎಣ್ಣೆಯನ್ನು ಬೆರಳಿಗೆ ಹಚ್ಚಿ ಮೂಸುವಾಗ "ಪೆಟ್ಟಿಗೆ ಏನನ್ನುತ್ತೆ, ಮಕ್ವಾ?" ಎಂದು ನಗುತ್ತಾನೆ. ನಗಲಿ, ಅವನ ಹಲ್ಲು. ಸಲ್ಬಿಯಾ ಮಾತ್ರ ಮೂರು ದಿನ ಅತ್ತಳು. ಆ ಆರು ಮಯಂ ಮಗಳ ಮದುವೆಗೆ ಇಟ್ಟದ್ದು.

ನಷ್ಟ ಆಗಿದೆ ಎಂದು ಗೊತ್ತಾಯಿತು. ಹೇಗಾಯಿತು ಎಂದು ನೀನು ಬಂದು ಹೇಳಬೇಕು.

ಮಕ್ವಾ

*

ಗ್ಲೆ ಪುತೋ
೨೪ ಏಪ್ರಿಲ್ ೨೦೨೩

ಮೈಸಾರಾ,

ಹಬ್ಬಕ್ಕೂ ಬರಲಿಲ್ಲ. ಮಾಡಿದ ತಿಮ್ಫಾನ್ ಕಡುಬನ್ನೆಲ್ಲ ನೆರೆಯವರು ತಿಂದರು. ಒಂದು ಬಾಳೆಲೆ ಪೊಟ್ಟಣ ನಿನಗೆಂದು ಎತ್ತಿಟ್ಟಿದ್ದೆ, ಅದೂ ಹಳಸಿತು.

ನಿನಗೆ ಹತ್ತು ವರ್ಷವಿದ್ದಾಗ ನಡೆದದ್ದು, ನೆನಪಿದೆಯೋ ಇಲ್ಲವೋ. ಗುಡ್ಡದಾಚೆಯ ಹಾಸನಾಗೆ ನನ್ನ ಎಮ್ಮೆ ಪಾಲಿಗೆ ಕೊಟ್ಟಿದ್ದೆ. ಒಂದು ಬೆಳಿಗ್ಗೆ ಅವನು ಬಾಳೆಲೆಯಲ್ಲಿ ಏನೋ ಸುತ್ತಿಕೊಂಡು ಬಂದು ಜಗಲಿಯ ಕೆಳಗೆ ನಿಂತ. ಮೇಲೆ ಹತ್ತಲಿಲ್ಲ. ಬಿಚ್ಚಿದರೆ ಎಮ್ಮೆಯ ಕಿವಿ, ನಾನು ಹಾಕಿದ ಗುರುತಿನ ತೂತು ಹಾಗೇ ಇತ್ತು. ನೀನು ಕಿರುಚಿ ಒಳಗೆ ಓಡಿದೆ.

"ಸತ್ತೋಯ್ತು ಮಕ್ವಾ. ಕೆಸರಲ್ಲಿ ಸಿಕ್ಕಾಕ್ಕೊಂಡು," ಅಂದ.

"ಕಟ್ಟಿದ್ದೆಯಾ?"

"ಕಟ್ಟಿದ್ದೆ. ಹಗ್ಗ ಹಳೇದಿತ್ತು. ಬದಲಾಯ್ಸ್ಬೇಕು ಅಂತ ಗೊತ್ತಿತ್ತು, ಬದಲಾಯ್ಸ್ಲಿಲ್ಲ."

ಆ ಕೊನೆಯ ಮಾತು ಅವನು ಹೇಳಬೇಕಾಗಿರಲಿಲ್ಲ. ಹಗ್ಗವನ್ನು ನಾನು ನೋಡಿರಲಿಲ್ಲ. ಅದಕ್ಕೇ ನಮ್ಮಲ್ಲಿ ಕಿವಿ ತರುವುದು. ಎಮ್ಮೆಯನ್ನು ಮಾರಿಕೊಂಡು ಸತ್ತಿತೆಂದು ಸುಳ್ಳು ಹೇಳುತ್ತಿಲ್ಲ ಎಂಬುದಕ್ಕಷ್ಟೇ ಅಲ್ಲ, ಎದುರು ನಿಂತು ಹಗ್ಗದ ಮಾತನ್ನೂ ಆಡಲಿ ಎಂದು.

ನಿನಗೆ ಮೈಸಾರಾ ಎಂದು ಹೆಸರಿಟ್ಟದ್ದು ನಾನು, ನಿನ್ನ ಅಮ್ಮ ಅಲ್ಲ. ಮುಂದೆ ಪ್ರವಾದಿಯವರ ಮಡದಿಯಾದ ಖದೀಜಾ ಅವರ ಸರಕಿನ ಜೊತೆ ಹೋದ ಆಳು ಹಿಂದಿರುಗಿ ಬಂದು ಕಂಡದ್ದನ್ನು ಕಂಡ ಹಾಗೇ ಒಡತಿಗೆ ಹೇಳಿದನಂತೆ. ಅವನ ಹೆಸರದು.

ಮಕ್ವಾ

*

ಬಂಡಾ ಅಚೆ
೧೨ ಜೂನ್ ೨೦೨೩

ಗೌರವಾನ್ವಿತ ಮಕ್ವಾ,

ಕಂಪನಿ ಮುಚ್ಚಿದೆ. ಬೆಟ್ಟದ ಎಣ್ಣೆ ತುಂಬಾ ಕಪ್ಪಾಗಿತ್ತು, ಪೆಟ್ಟಿಗೆಯ ಬೆಳಕಿಗೆ ಅದನ್ನು ಸರಿಯಾಗಿ ಓದಲಾಗಲಿಲ್ಲ. ಅಲ್ಲಾಹನ ಇಚ್ಛೆ.

ನಾನೀಗ ಒಂದು ಟ್ಯೂಷನ್ ಕೇಂದ್ರದಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದೇನೆ. ಇದರ ಜೊತೆ ಇರುವ ಲಕೋಟೆಯಲ್ಲಿ ಎರಡು ಮಯಂ ಚಿನ್ನದ ಬೆಲೆ ಇದೆ, ಸ್ಕೂಟರು ಮಾರಿದ್ದು. ಇನ್ನು ಮೇಲೆ ಎರಡು ತಿಂಗಳಿಗೊಮ್ಮೆ ಒಂದೊಂದು ಮಯಂ ಕಳಿಸುತ್ತೇನೆ. ನಲವತ್ತನ್ನೂ ತೀರಿಸುತ್ತೇನೆ. ಆರು ವರ್ಷ ಹಿಡಿಯಬಹುದು. ಮೊದಲು ಮಕ್ಚುತ್ ಸಲ್ಬಿಯಾಗೆ ಕೊಡಿ.

ಮೈಸಾರಾ

*

ಗ್ಲೆ ಪುತೋ
೧೫ ಜೂನ್ ೨೦೨೩

ಮೈಸಾರಾ,

ಲಕೋಟೆ ಬಿಚ್ಚದೆ ವಾಪಸು ಕಳಿಸಿದ್ದೇನೆ. ಮುಸ್ಲೆಂ "ನಾನು ವ್ಯಾನ್ ಓಡಿಸ್ತೀನೋ ಬ್ಯಾಂಕ್ ನಡೆಸ್ತೀನೋ?" ಎಂದು ಗೊಣಗಿದ. ಅವನಿಗೊಂದು ಕಾಫಿ ಕುಡಿಸು.

ನಾನು ಓದಿದ್ದು ಐದನೇ ಇಯತ್ತೆ, ಆದರೂ ಪತ್ರದ ಅಂಚಿನಲ್ಲಿ ಬರೆಸಿದ್ದು ಬಾಯಿಪಾಠ ಇದೆ. ನಿನ್ನ ತಪ್ಪಿಲ್ಲದೆ ಹೋಯಿತು ಎಂದಾದರೆ ನಲವತ್ತು ಮಯಂ ನಮ್ಮದು ಹೋಯಿತು, ನಿನ್ನ ಒಂದೂಕಾಲು ವರ್ಷ ಹೋಯಿತು. ಅಲ್ಲಿಗೆ ಸಮ. ಆಗ ಈ ದುಡ್ಡು ಯಾವುದಕ್ಕೆ? ತೆಗೆದುಕೊಂಡರೆ ನಾನು ಅವತ್ತು ಹೊಡೆಸಿಹಾಕಿದ ಒಂಬತ್ತನೇ ಕಲಮನ್ನು ಹಿಂಬಾಗಿಲಿನಿಂದ ಒಳಗೆ ಕರೆದ ಹಾಗೆ.

ಅಲ್ಲಾಹನ ಇಚ್ಛೆ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಅಲ್ಲಾಹನ ಮೇಲೆ ಹಾಕುವ ಮೊದಲು ಹಗ್ಗ ಹೇಗಿತ್ತು ಎಂದು ಹೇಳು. ಸಲ್ಬಿಯಾಳೂ ದುಡ್ಡು ಬೇಡ ಅಂದಳು. ಎರಡು ಸಲ ಬೇಡ ಅಂದು, ಮೂರನೇ ಸಲ ಲಕೋಟೆಯನ್ನು ಮುಟ್ಟಿ ನೋಡಿ, ಆಮೇಲೂ ಬೇಡ ಅಂದಳು. ಅದು ಸುಲಭದ ಮಾತಲ್ಲ.

ಮಕ್ವಾ

*

ಬಂಡಾ ಅಚೆ
೨೦ ಜುಲೈ ೨೦೨೩

ಮಕ್ವಾ,

ನೀವು ನನ್ನನ್ನು ಯಾಕೆ ಹೀಗೆ ಸುಡುತ್ತೀರಿ? ನೋಟರಿಯವರ ಹತ್ತಿರ ಹೋಗಿ ಕೇಳಿದೆ. ಕೊಡಲೇಬೇಕೆಂದು ಪತ್ರ ಹೇಳದಿದ್ದರೂ ನನ್ನ ಖುಷಿಯಿಂದ ನಾನು ಕೊಟ್ಟರೆ ಬೇಡ ಎನ್ನುವ ಕಾನೂನು ಯಾವುದೂ ಇಲ್ಲವಂತೆ. ನಾನು ಯಾರ ಋಣದಲ್ಲೂ ಸಾಯುವುದಿಲ್ಲ, ನಿಮ್ಮ ಋಣದಲ್ಲಂತೂ ಅಲ್ಲವೇ ಅಲ್ಲ. ಅದೇ ಲಕೋಟೆ, ಇನ್ನೊಂದು ಮಯಂ ಸೇರಿಸಿ ಕಳಿಸಿದ್ದೇನೆ. ತೆಗೆದುಕೊಳ್ಳಿ, ನನ್ನ ಪಾಡಿಗೆ ನನ್ನನ್ನು ಬಿಡಿ.

ಮೈಸಾರಾ

*

ಗ್ಲೆ ಪುತೋ
೨೨ ಜುಲೈ ೨೦೨೩

ಮೈಸಾರಾ,

ಲಕೋಟೆ ವಾಪಸು. ಕಿವಿ ಎಲ್ಲಿ?

ಮಕ್ವಾ

*

ಬಂಡಾ ಅಚೆ
೯ ಅಕ್ಟೋಬರ್ ೨೦೨೩

ಪ್ರೀತಿಯ ಮಕ್ವಾ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಿಮ್ಮ ಎರಡು ಮಾತಿನ ಕಾಗದ ಬಂದಾಗಿನಿಂದ ನಾನು ಹೆಗಲು ಮುಟ್ಟಿಕೊಳ್ಳುತ್ತಲೇ ಇದ್ದೇನೆ. ಎರಡೂವರೆ ತಿಂಗಳು ಬೇಕಾಯಿತು.

ಹೋದ ವರ್ಷ ಸೆಪ್ಟೆಂಬರಿನಲ್ಲಿ ಮೇಳಕ್ಕೆ ಬಂದ ಅಮನ್ ಸುಕುರ್ ಬಗ್ಗೆ ನಿಮಗೆ ತಮಾಷೆಯಾಗಿ ಬರೆದಿದ್ದೆ. ಅವರೂ ನಕ್ಕರು ಎಂದು ಬರೆದಿದ್ದೆ. ಅವರು ನಕ್ಕಿರಲಿಲ್ಲ. ನಾವು ನಕ್ಕು ಮುಗಿಸುವವರೆಗೆ ಕಾದರು. ಆಮೇಲೆ ಚೀಲದಿಂದ ಒಂದು ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ಬಾಯಿಗೆ ಮೇಣ ಹಾಕಿತ್ತು.

"ಇದು ನನ್ನ ಡ್ರಮ್ಮಿಂದು. ಇದನ್ನೊಂದು ಓದ್ಸಿ ನೋಡು ಮಗಾ. ಆಮೇಲೆ ಮಿಕ್ಕ ಪೆಟ್ಟಿಗೆ ಕಳ್ಸು."

"ಆಯ್ತು ಅಮನ್, ನೋಡ್ತೀನಿ," ಅಂದೆ.

ನೋಡಲಿಲ್ಲ. ಒಂದು ಹನಿಯ ಕೆಲಸ, ಮೂರು ನಿಮಿಷ. ತಪ್ಪು ಅಂಕಿ ಬಂದರೆ ಹನ್ನೊಂದು ಪೆಟ್ಟಿಗೆ ನಿಲ್ಲಿಸಬೇಕಾಗುತ್ತದೆ, ಶನಿವಾರ ನಲವತ್ತು ತೋರಿಸಲಾಗುವುದಿಲ್ಲ. ಬಾಟಲಿಯನ್ನು ಕಪಾಟಿನೊಳಗಿಟ್ಟೆ. ಮರೆತೆ ಎಂದರೆ ಸುಳ್ಳಾಗುತ್ತದೆ. ಕಪಾಟಿನ ಬಾಗಿಲು ತೆಗೆದಾಗಲೆಲ್ಲ ಅದನ್ನು ಹಿಂದಕ್ಕೆ ತಳ್ಳುತ್ತಿದ್ದೆ.

ಇನ್ನೊಂದು ವಿಷಯ, ಇದು ಹೇಳಲು ಹೆಚ್ಚು ಕಷ್ಟ. ನಲವತ್ತನ್ನೂ ತೀರಿಸುತ್ತೇನೆ ಎಂದದ್ದು ದೊಡ್ಡತನವಲ್ಲ. ಎಲ್ಲವನ್ನೂ ಕೊಟ್ಟುಬಿಟ್ಟರೆ ಯಾರೂ ಏನನ್ನೂ ಕೇಳುವುದಿಲ್ಲ. ಪಾಪ, ಎಷ್ಟು ಒಳ್ಳೆಯ ಹುಡುಗಿ ಎನ್ನುತ್ತಾರೆ. ನಾನು ದುಡ್ಡು ಕಳಿಸುತ್ತಿದ್ದದ್ದು ನಿಮ್ಮ ಬಾಯಿ ಮುಚ್ಚಿಸಲು.

ಹೋದ ವಾರ ಬೆಟ್ಟಕ್ಕೆ ಹೋಗಿದ್ದೆ. ಅಮನ್ ಸುಕುರ್ ಮನೆ ಹುಡುಕಿದೆ. ಪೆಟ್ಟಿಗೆಯ ಅಂಕಿ ನಂಬಿ ಅವರು ಎರಡು ತಿಂಗಳು ಎಣ್ಣೆ ಮಾರದೆ ಕಾದಿದ್ದರು, ಆಮೇಲೆ ಖರ್ಚಿಗೆ ಕುದುರೆ ಮಾರಿದ್ದರು. ಓಟದಲ್ಲಿ ಎರಡು ಸಲ ಗೆದ್ದ ಕುದುರೆಯಂತೆ. ಲಾಯ ಗುಡಿಸಿ ಖಾಲಿ ಇಟ್ಟಿದ್ದಾರೆ. ನನ್ನನ್ನು ಒಳಗೆ ಕರೆದು ಕೂರಿಸಿದರು, ಮೀನಿನ ಹುಳಿ ಬಡಿಸಿದರು. ಉಂಡು ಕೈ ತೊಳೆದ ಮೇಲೆ ಕೇಳಿದರು.

"ಓದ್ಸಿದ್ಯಾ ಮಗಾ, ಅವತ್ತು?"

"ಇಲ್ಲ ಅಮನ್."

"ನಾನೂ ಹಂಗೇ ಅಂದ್ಕೊಂಡೆ. ಪೆಟ್ಟಿಗೆ ಬಂತಲ್ಲ, ಓದ್ಸಿಯೇ ಕಳ್ಸಿರ್ಬೇಕು ಅಂತ ಊರೋರೆಲ್ಲ ಅಂದ್ರು. ನಾನು ಸುಮ್ನಿದ್ದೆ. ಸುಮ್ನಿದ್ದದ್ದು ನನ್ ತಪ್ಪು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ತಪ್ಪಿನಲ್ಲೂ ಪಾಲು ತೆಗೆದುಕೊಂಡರು. ಅಲ್ಲೇ ಅತ್ತುಬಿಟ್ಟೆ ಮಕ್ವಾ, ಅವರ ಸೊಸೆ ಬಂದು ನೀರು ಕೊಟ್ಟಳು. ಅವರ ಕುದುರೆಯ ಲೆಕ್ಕ ನನ್ನದು ಮತ್ತು ಅವರದು, ಅದನ್ನು ಅಲ್ಲೇ ಮಾತಾಡಿ ಬಂದಿದ್ದೇನೆ. ಟ್ಯೂಷನ್ ರಜೆಯಲ್ಲಿ ಹೋಗಿ ಅವರ ಡ್ರಮ್ಮಿನ ಎಣ್ಣೆಯನ್ನು ತೊಳೆದು ತಿಳಿ ಮಾಡುವುದು ಹೇಗೆಂದು ಅವರ ಊರಿನವರಿಗೆ ಹೇಳಿಕೊಡುತ್ತೇನೆ.

ಬಾಂಗ್ ಮುಸ್ಲೆಂ ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಬಾಟಲಿ ಕಳಿಸಿದ್ದೇನೆ. ಮೇಣ ಹಾಗೇ ಇದೆ. ಏಳು ಜನರೆದುರೂ ಈ ಕಾಗದ ಓದಿ. ನಾನೇ ಬರಬೇಕಿತ್ತು. ಹಾಸನಾನಷ್ಟು ಧೈರ್ಯ ನನಗಿನ್ನೂ ಬಂದಿಲ್ಲ. ನೀವೆಲ್ಲ ಏನು ತೀರ್ಮಾನಿಸುತ್ತೀರೋ ಅದು.

ಮೈಸಾರಾ

*

ಗ್ಲೆ ಪುತೋ
೩ ನವೆಂಬರ್ ೨೦೨೩

ಮೈಸಾರಾ,

ಅಸ್ಸಲಾಮು ಅಲೈಕುಮ್. ಶುಕ್ರವಾರದ ನಮಾಜಿನ ಹೊತ್ತಿಗೆ ಗಂಡಸರೆಲ್ಲ ಮಸೀದಿಗೆ ಹೋದ ಮೇಲೆ ನಾವು ಏಳು ಜನ ನನ್ನ ಜಗಲಿಯಲ್ಲಿ ಕೂತೆವು. ನಡುವೆ ಬಾಟಲಿ ಇಟ್ಟೆ. ನಿನ್ನ ಕಾಗದವನ್ನು ನಾನೇ ಓದಿದೆ, ನೋಟರಿಯ ಹಾಗಲ್ಲ, ನಿಧಾನವಾಗಿ. ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡಿದರು.

ಬಿಸ್ಕತ್ತಿನ ಡಬ್ಬಿಯಿಂದ ನಿನ್ನ ಹೋದ ವರ್ಷದ ಸೆಪ್ಟೆಂಬರಿನ ಕಾಗದವನ್ನೂ ತೆಗೆದು ಓದಿದೆ. ಕತ್ತಲಲ್ಲಿ ಕಣ್ಣು ಕಾಣುತ್ತದಾ ಎಂದು ಆ ಮುದುಕರು ಕೇಳಿದ್ದು ಅದರಲ್ಲೇ ಇತ್ತಲ್ಲ ಮಗಳೇ, ನೀನೇ ಬರೆದದ್ದು. ಮುಸ್ಲೆಂ ಸುದ್ದಿ ತಂದ ದಿನವೇ ನಾನು ಆ ಕಾಗದವನ್ನು ಮತ್ತೆ ಓದಿದ್ದೆ. ಬಾಟಲಿಯ ವಿಷಯ ಗೊತ್ತಿರಲಿಲ್ಲ, ಉಳಿದದ್ದು ಗೊತ್ತಿತ್ತು.

"ಗೊತ್ತಿದ್ದೂ ಒಂಬತ್ತು ತಿಂಗಳು ಬಾಯ್ಬಿಡ್ಲಿಲ್ವಾ ನೀನು? ಹೆರಿಗೆನೇ ಆಗ್ತಿತ್ತು," ಎಂದು ಸಲ್ಬಿಯಾ ನನ್ನ ಮೇಲೆ ಹರಿಹಾಯ್ದಳು.

ಎಮ್ಮೆ ಸತ್ತಿತೆಂದು ತಿಳಿದರೂ ಒಡತಿ ತಾನೇ ಹೋಗಿ ಕಿವಿ ಕೊಯ್ದು ತರಬಾರದು. ಮೇಯಿಸಿದವಳೇ ತರಬೇಕು. ನಾನು ತಂದಿದ್ದರೆ ನೀನು ಜನ್ಮವಿಡೀ ಸಿಕ್ಕಿಬಿದ್ದವಳಾಗಿ ಉಳಿಯುತ್ತಿದ್ದೆ.

ಈಗ ತೀರ್ಮಾನ ಕೇಳು. ಆ ಮುದುಕರು ಬಂದ ದಿನ ಇಪ್ಪತ್ತೊಂಬತ್ತು ಮಯಂ ಆಗಲೇ ಪೆಟ್ಟಿಗೆಗಳಾಗಿ ಬೆಟ್ಟ ಹತ್ತಿತ್ತು. ಅವುಗಳನ್ನು ಮಾಡುವಾಗ ನಿನಗೆ ಯಾರೂ ಎಚ್ಚರ ಹೇಳಿರಲಿಲ್ಲ. ಮನೆಯ ಎಣ್ಣೆಯನ್ನೇ ಲೋಕದ ಎಣ್ಣೆ ಎಂದುಕೊಂಡೆ. ಅದು ದಡ್ಡತನ, ನಿರ್ಲಕ್ಷ್ಯ ಅಲ್ಲ. ನಮ್ಮೂರಿನವರೆಲ್ಲ ಅದೇ ದಡ್ಡರು, ನೀರಿನ ನಂತರ ಸ್ಟೀಲಿನ ಹಂಡೆ ಬಂದ ಮೇಲೆ ಕಪ್ಪು ಎಣ್ಣೆಯನ್ನು ಮರೆತವರು. ಆ ಇಪ್ಪತ್ತೊಂಬತ್ತು ನಮ್ಮ ನಷ್ಟ. ಹನ್ನೊಂದು ಮಯಂ ಮಾತ್ರ ಅವತ್ತು ಇನ್ನೂ ಬ್ಯಾಂಕಿನಲ್ಲಿತ್ತು. ಬಾಟಲಿಯನ್ನು ಕಪಾಟಿನಲ್ಲಿಟ್ಟು ಆ ದುಡ್ಡನ್ನು ಖರ್ಚು ಮಾಡಿದೆ. ಅದು ನಿನ್ನದು, ನೀನು ತೀರಿಸಬೇಕು. ಬಿಟ್ಟುಬಿಡೋಣ ಎಂದು ಇಬ್ಬರು ಅಂದರು, ನಾನು ಒಪ್ಪಲಿಲ್ಲ. ಬಿಟ್ಟುಬಿಟ್ಟರೆ ನಿನ್ನನ್ನು ಮಗುವೆಂದು ತಿಳಿದ ಹಾಗೆ. ನಿನ್ನ ಜೊತೆ ನಾವು ಮಾಡಿಕೊಂಡದ್ದು ಪಾಲುದಾರಿಕೆ.

ಆದ್ದರಿಂದ ಆ ಲಕೋಟೆಯನ್ನು ಮೂರನೇ ಸಲ ಕಳಿಸು. ಈ ಸಲ ಬಿಚ್ಚುತ್ತೇನೆ. ಸಲ್ಬಿಯಾ ಮಗಳ ಮದುವೆಗೆ ಮೊದಲು, ಆಮೇಲೆ ಉಳಿದವರಿಗೆ. ಹನ್ನೊಂದು ತೀರಿದ ಮೇಲೆ ಹನ್ನೆರಡನೆಯದು ಕಳಿಸಿದರೆ ಮುಸ್ಲೆಂಗೆ ವ್ಯಾನಿನಿಂದಲೇ ಹೊರಗೆ ಎಸೆಯಲು ಹೇಳಿದ್ದೇನೆ.

ಇನ್ನು ನನ್ನ ಋಣ ಎಂದು ಬರೆದೆಯಲ್ಲ, ಅದಕ್ಕೆ ಬರುತ್ತೇನೆ. ಮೊದಲು ಉಣಿಸಿದಿರಿ, ಓದಿಸಿದಿರಿ ಎಂದು ಲೆಕ್ಕ ಹಾಕಿದೆ, ಆಮೇಲೆ ಋಣ ಎಂದೇ ಬರೆದೆ, ಎರಡು ಸಲವೂ ನನಗೆ ನೋವಾಯಿತು. ನೀರು ಬಂದ ವರ್ಷ ನೀನು ನನ್ನ ಡೇರೆಯ ಮುಂದೆ ನಿಂತಾಗ ನಾನು ಉಂಡು ನಾಲ್ಕು ದಿನವಾಗಿತ್ತು. ನನ್ನ ಇಬ್ಬರು ಗಂಡು ಮಕ್ಕಳು ಹೋಗಿದ್ದರು, ತಂಗಿ ಹೋಗಿದ್ದಳು. ನಿನಗೆ ಅಮ್ಮ ಹೋಗಿದ್ದಳು. ನೀನು "ಹಸಿವಾಗ್ತಿದೆ" ಅಂದೆ, ಅದಕ್ಕೆ ನಾನು ಎದ್ದು ಒಲೆ ಹಚ್ಚಿದೆ. ಅವತ್ತು ನಾನು ನಿನಗೆ ಏನನ್ನೂ ಕೊಡಲಿಲ್ಲ ಮಗಳೇ. ನನ್ನ ನಷ್ಟದಲ್ಲಿ ನೀನು ಪಾಲು ತೆಗೆದುಕೊಂಡೆ, ನಿನ್ನದರಲ್ಲಿ ನಾನು. ಅದಕ್ಕೆ ನೋಟರಿ ಬೇಕಾಗಲಿಲ್ಲ. ಅಲ್ಲಿ ಅಸಲೂ ಇಲ್ಲ, ಬಾಕಿಯೂ ಇಲ್ಲ.

ಎಮ್ಮೆ ಸತ್ತಾಗ ಹಗ್ಗದ ಮಾತು ಹೇಳಿದ ಹಾಸನಾಗೆ ನಾನು ಏನು ಮಾಡಿದೆ ಎಂದು ಹಬ್ಬದ ಕಾಗದದಲ್ಲಿ ಹೇಳಿರಲಿಲ್ಲ. ಅರ್ಧ ಬೆಲೆ ವಸೂಲು ಮಾಡಿದೆ. ಮಾರನೇ ವರ್ಷ ಇನ್ನೊಂದು ಎಮ್ಮೆ ಕೊಟ್ಟೆ. ಏಳು ಜನರಲ್ಲಿ ಇಬ್ಬರು ಇನ್ನು ಈ ಸಹವಾಸ ಸಾಕು ಅಂದಿದ್ದಾರೆ, ಅವರ ಮೇಲೆ ಕೋಪ ಬೇಡ. ನಾವು ಐವರು ಇದ್ದೇವೆ. ನೀನು ತೀರಿಸಿದ್ದರಲ್ಲಿ ಮದುವೆಯದು ಬಿಟ್ಟು ನಮ್ಮ ಪಾಲಿಗೆ ಬಂದದ್ದು ಮತ್ತೆ ನಿನ್ನ ಹೊಸ ಪೆಟ್ಟಿಗೆಗೆ ಬಂಡವಾಳ. ಸಲ್ಬಿಯಾ ಈಗಲೇ ಕೇಳುತ್ತಿದ್ದಾಳೆ, ನೋಟರಿ ಕಚೇರಿಯಲ್ಲಿ ಈ ಸಲವಾದರೂ ಅಂಚು ಅಗಲ ಬಿಟ್ಟಿರುತ್ತಾರಾ ಎಂದು.

ಬಾಟಲಿಯನ್ನು ವಾಪಸು ಕಳಿಸಿದ್ದೇನೆ. ಮೇಣವನ್ನು ನಾವ್ಯಾರೂ ಮುಟ್ಟಿಲ್ಲ. ಅದನ್ನು ನೀನೇ ತೆಗೆದು ಒಂದು ಹನಿ ಬಿಡು. ಅಂಕಿ ಎಷ್ಟು ಬಂತೆಂದು ಮೊದಲು ಅಮನ್ ಸುಕುರ್ ಅವರಿಗೆ ಬರೆ, ಆಮೇಲೆ ನನಗೆ.

ನಿನ್ನ ಪಾಲುದಾರಳು,
ರುಹಾಮಾ